ಹುಳಿಮಾವಿಗೆ ಐದು ತಂತಿ, ಹಳ್ಳಿಗೆ ಬೀಗ

ಕಳೆದ ತಿಂಗಳು ಬೆಂಗಳೂರಿನ ಹುಳಿಮಾವಿನಲ್ಲಿ ಒಂದು ಲೈಟು ಕಂಬದ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಒಂದೇ ಕಂಬಕ್ಕೆ ಐದು ಕಂಪನಿಗಳ ಇಂಟರ್‌ನೆಟ್ ತಂತಿ ಬಿಗಿದಿದ್ದರು. ಮಿಕ್ಕಿದ ತಂತಿಯ ಸುರುಳಿಗಳು ದನ ಕಟ್ಟುವ ಹಗ್ಗದ ಹಾಗೆ ನೇತಾಡುತ್ತಿದ್ದವು. ಕಂಬದ ಬುಡದಲ್ಲಿ ಚೀಟಿಗಳು: ‘ಇಂದೇ ಸಂಪರ್ಕ’, ‘ಜೋಡಣೆ ಉಚಿತ’, ‘ಕರೆ ಮಾಡಿ’. ಐದು ಕಂಪನಿಗಳೂ ಒಂದು ಮನೆಯ ಬಾಗಿಲು ಬಡಿಯುತ್ತಿದ್ದವು.

ಎರಡು ದಿನ ಬಿಟ್ಟು ಊರಿಗೆ ಬಂದವನು ನಮ್ಮ ಪಂಚಾಯಿತಿ ಕಚೇರಿಗೆ ಹೋದೆ. ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರೊಳಗೆ ಸರ್ಕಾರ ಎಳೆದ ಗಾಜಿನ ತಂತಿ ಬಂದು ಕೂತಿದೆ. ಪೆಟ್ಟಿಗೆಗೆ ಬೀಗ. ಬೀಗದ ಮೇಲೆ ಜೇಡರ ಬಲೆ. "ಕೀಲಿ ಯಾರ ಹತ್ರ ಐತಪ್ಪ?" ಎಂದು ಕೇಳಿದರೆ, ಅಟೆಂಡರ್ ಬಿಲ್ ಕಲೆಕ್ಟರ್ ಕಡೆ ನೋಡಿದ, ಬಿಲ್ ಕಲೆಕ್ಟರ್ ಸೂರಿನ ಕಡೆ ನೋಡಿದ.

ನಮ್ಮದು ಕನಕಪುರ ತಾಲ್ಲೂಕು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ನಾಮಕರಣವಾಯಿತು. ಹೆಸರಿನಲ್ಲಿ ನಾವೂ ಬೆಂಗಳೂರಿನವರೇ. ಹೆಸರು ಬಂತು, ತಂತಿ ಬರಲಿಲ್ಲ. ಬಂದ ತಂತಿಗೂ ಬೀಗ ಬಿತ್ತು. ಈ ಬೀಗ ಯಾಕೆ ಬಿತ್ತು, ಅದರಿಂದ ನಮ್ಮ ಜೇಬಿಗೆ ಏನಾಗುತ್ತಿದೆ, ನಾಳೆ ನಿಮ್ಮ ಮನೆಗೆ ತಂತಿ ತರಿಸುವಾಗ ಏನು ಕೇಳಬೇಕು ಎಂಬ ಮೂರು ಮಾತು ಹೇಳಲು ಕೂತಿದ್ದೇನೆ.

ನಮಗ್ಯಾಕೆ ನೆಟ್ಟು?

ನೀವು ಕೇಳಬಹುದು: "ರಾಗಿಗೆ ಬೆಲೆ ಇಲ್ಲ, ರೇಷ್ಮೆ ಗೂಡಿನ ಬೆಲೆ ಇವತ್ತಿದ್ದಂಗೆ ನಾಳೆ ಇಲ್ಲ, ಸೊಸೈಟಿ ಸಾಲ ತೀರಿಲ್ಲ. ಇವನೇನು ನೆಟ್ಟಿನ ಪುರಾಣ ತೆಗೆದ?" ಸ್ವಾಮಿ, ಈ ಮಾತನ್ನು ನಿಮಗಿಂತ ಮೊದಲು ನಾನೇ ಆಡಿದ್ದೇನೆ. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ ಹಾಕೋಣ.

2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಒಳ್ಳೆಯದನ್ನು ಒಳ್ಳೆಯದು ಅನ್ನೋಣ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಸಬ್ಸಿಡಿಗೆ ‘ಫ್ರೂಟ್ಸ್’ ನಂಬರು ಬೇಕು. ಕಿಸಾನ್ ಸಮ್ಮಾನ್ ಹಣಕ್ಕೆ ಇ-ಕೆವೈಸಿ ಬೇಕು. 2020ರಿಂದ ನಮ್ಮ ಬೆಳೆಯನ್ನು ನಾವೇ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಕು. ಬೆಳೆ ವಿಮೆಗೆ ಒಂದು ಪೋರ್ಟಲ್, ಮನೆ ಜಾಗಕ್ಕೆ ಇ-ಸ್ವತ್ತು, ಪಹಣಿಗೆ ಆಧಾರ್ ಜೋಡಣೆ. ಮಾರುಕಟ್ಟೆಗೆ ಹೋದರೆ ಅಲ್ಲೂ ಇ-ಹರಾಜು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕೂಗುವ ಕಾಲ ಹೋಯಿತು, ರೀಲರುಗಳು ಮೊಬೈಲು ಒತ್ತುತ್ತಾರೆ.

ಅಂದರೆ ಏನಾಯಿತು? ಸರ್ಕಾರ ತನ್ನ ಕಚೇರಿಯ ಬಾಗಿಲನ್ನು ಕಿತ್ತು ತಂತಿಯ ಆ ಕಡೆ ತುದಿಗೆ ಇಟ್ಟಿತು. ಈ ಕಡೆ ತುದಿಯನ್ನು ಊರಿಗೆ ಮುಟ್ಟಿಸಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. ಗಂಡ ತೀರಿಕೊಂಡಿದ್ದಾರೆ. ಮುಕ್ಕಾಲು ಎಕರೆ ಹಿಪ್ಪುನೇರಳೆ. ವರ್ಷವಿಡೀ ಸೊಪ್ಪು ಕೊಯ್ದು ಕೊಯ್ದು ಬೆರಳಿನ ಗೆರೆ ಸವೆದು ಹೋಗಿದೆ. ಇ-ಕೆವೈಸಿ ಮಾಡಿಸಲು ಪೇಟೆಯ ಸೇವಾ ಕೇಂದ್ರಕ್ಕೆ ಹೋದರು. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ಬೆರಳಚ್ಚು ಹೊಂದಲಿಲ್ಲ. ಮೂರನೇ ದಿನ ಮುಖ ತೋರಿಸಿ ಮಾಡಬಹುದು ಎಂದರು, ಮುಖ ತೋರಿಸುವ ಹೊತ್ತಿಗೆ ನೆಟ್ಟು ಹೋಯಿತು. ಮೂರು ದಿನದ ಕೂಲಿ ಹೋಯಿತು, ಮೂರು ಸಲ ಬಂದು ಹೋದ ದಣಿವು ಬೇರೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ಕಂತಿಗೆ 2,000. ಆ ಒಂದು ಕಂತು ನಿಂತಿತು. ಗೊಬ್ಬರದ ಹೊತ್ತು ಕಾಯುತ್ತದೆಯೇ? ಮೂರು ರೂಪಾಯಿ ಬಡ್ಡಿಗೆ ಐದು ಸಾವಿರ ಸಾಲ ತಂದರು. ಎರಡು ಸಾವಿರ ಬರಬೇಕಾದವರು ಐದು ಸಾವಿರಕ್ಕೆ ಸಾಲಗಾರರಾದರು.

ಈ ಸಾಲ ಮಳೆ ಬಾರದೆ ಆದದ್ದಲ್ಲ, ರೋಗ ಬಿದ್ದು ಆದದ್ದೂ ಅಲ್ಲ. ಒಂದು ತಂತಿ ಇಲ್ಲದೆ ಆದ ಸಾಲ. ಬ್ಯಾಂಕಿನ ಯಾವ ಪುಸ್ತಕದಲ್ಲೂ ಇದಕ್ಕೆ ಕಲಮು ಇಲ್ಲ. ಆದ್ದರಿಂದ ಇದನ್ನು ಈ ಪತ್ರಿಕೆಯಲ್ಲಿ ಬರೆಯಬೇಕಾಯಿತು.

ಬೀಗ ಹಾಕಿದವರಲ್ಲಿ ನಾನೂ ಒಬ್ಬ

ಈಗ ನನ್ನ ಕಥೆ. ಆರು ವರ್ಷದ ಹಿಂದೆ ಒಬ್ಬ ಹುಡುಗ ಕೈಯಲ್ಲಿ ಕಾಗದ ಹಿಡಿದು ನಮ್ಮ ಗ್ರಾಮ ಸಭೆಗೆ ಬಂದಿದ್ದ. "ಪಂಚಾಯಿತಿ ತನಕ ಫೈಬರ್ ಬಂದಿದೆ, ಮನೆಗಳಿಗೆ ಯಾರಿಗಾದರೂ ಬೇಕಾ?" ಎಂದು ಕೇಳಿದ. ನಾನು ಎದ್ದು ನಿಂತೆ. ಹೋರಾಟ ಮಾಡಿದವನು, ಮಾತಾಡಲು ಬರುತ್ತದೆ. "ಮೊದಲು ರಾಗಿಗೆ ಬೆಲೆ ಕೊಡ್ರಿ, ನೆಟ್ಟು ಆಮೇಲೆ ನೋಡ್ಕೊಳೋಣ" ಎಂದೆ. ಜನ ಚಪ್ಪಾಳೆ ಹೊಡೆದರು. ಆ ಹುಡುಗ ಏನೋ ಬರೆದುಕೊಂಡು ಹೋದ. ಮೊನ್ನೆ ಆ ಹಳೆಯ ಕಡತ ತೆಗೆಸಿ ನೋಡಿದೆ. ನಮ್ಮ ಊರಿನ ಮುಂದೆ ಎರಡೇ ಪದ: ‘ಬೇಡಿಕೆ ಇಲ್ಲ’.

ಚಪ್ಪಾಳೆ ಸಿಕ್ಕಿದ್ದು ನನಗೆ. ಸಾಲ ಬಿದ್ದದ್ದು ಆ ತಾಯಿಗೆ. ಹೋರಾಟಗಾರನಾದರೂ ತಪ್ಪು ತಪ್ಪೇ. ರಾಗಿಗೆ ಬೆಲೆ ಕೇಳುವುದಕ್ಕೂ ತಂತಿ ಕೇಳುವುದಕ್ಕೂ ಜಗಳವಿಲ್ಲ ಎಂದು ನನಗೆ ಬುದ್ಧಿ ಬಂದದ್ದು ಹುಳಿಮಾವಿನಲ್ಲಿ.

ಹುಳಿಮಾವಿನ ಪಾಠ

ಹುಳಿಮಾವು ನಿಮಗೆ ಗೊತ್ತಿಲ್ಲದ ಊರೇನಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ, ಬನ್ನೇರುಘಟ್ಟ ರಸ್ತೆಯ ಪಕ್ಕ. ಬಂಡೆಯೊಳಗೆ ರಾಮಲಿಂಗೇಶ್ವರನ ಗುಹಾ ದೇವಾಲಯ, ದೊಡ್ಡ ಕೆರೆ. ನಮ್ಮ ನಿಮ್ಮ ಊರಿನ ಹಾಗೆ ಇದ್ದ ಊರು. ಈಗ ಅಲ್ಲಿ ಹೊಲ ಹುಡುಕಬೇಕು. 2019ರ ನವೆಂಬರ್ 24ರ ಭಾನುವಾರ ಆ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹಳೆಯ ಕಾಲದಲ್ಲಿ ಕೆರೆಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುತ್ತಿದ್ದ. ಅವನ ಕೂಲಿ ಊರೇ ಕೊಡುತ್ತಿತ್ತು, ಆದ್ದರಿಂದ ಊರಿಗೇ ಜವಾಬು ಹೇಳುತ್ತಿದ್ದ. ಈ ನೀರಗಂಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ನನ್ನ ಮಗಳು ಕೆಲಸಕ್ಕೆ ಸೇರಿ ಅಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. "ಅಪ್ಪಾ, ನೆಟ್ ಹಾಕಿಸಬೇಕು, ನೀನೂ ಬಾ" ಎಂದಳು. ಗೊಬ್ಬರದ ಅಂಗಡಿಯವನ ಹತ್ತಿರ ಮೂವತ್ತು ವರ್ಷ ಚೌಕಾಸಿ ಮಾಡಿದವನು ನಾನು, ಹೋದೆ. ಬಿಎಸ್ಎನ್ಎಲ್, ಏರ್‌ಟೆಲ್, ಜಿಯೋ, ಆಕ್ಟ್ ಹೀಗೆ ಹಲವು ಹೆಸರುಗಳು ಮಾತಿಗೆ ಬಂದವು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾನು ಇಲ್ಲಿ ಹೇಳುವುದಿಲ್ಲ. ಒಂದು ಬೀದಿಯಲ್ಲಿ ಚೆನ್ನಾಗಿರುವ ಕಂಪನಿ ಇನ್ನೊಂದು ಬೀದಿಯಲ್ಲಿ ಕೆಟ್ಟಿರುತ್ತದೆ. ಕಾಲುವೆ ಒಂದೇ ಆದರೂ ತಲೆ ಭಾಗದವನ ಬೆಳೆ ಬೇರೆ, ಕೊನೆ ಭಾಗದವನ ಬೆಳೆ ಬೇರೆ ಅಲ್ಲವೇ?

ಮಾರಾಟದ ಹುಡುಗ ಶುರು ಮಾಡಿದ: "ಅಂಕಲ್, 100 ಎಂಬಿಪಿಎಸ್ ವರೆಗೆ ಸ್ಪೀಡ್ ಕೊಡ್ತೀವಿ."

"‘ವರೆಗೆ’ ಅಂದ್ರೆ ಏನಪ್ಪ?"

"ಮ್ಯಾಕ್ಸಿಮಮ್ ಅಂಕಲ್."

"ಮಿನಿಮಮ್ ಎಷ್ಟು?"

ಹುಡುಗ ನಕ್ಕುಬಿಟ್ಟ.

ರೈತ ಬಂಧುಗಳೇ, ಈ ‘ವರೆಗೆ’ ಎಂಬ ಪದ ನಮಗೆ ಹೊಸದಲ್ಲ. ‘ಎಕರೆಗೆ 30 ಕ್ವಿಂಟಾಲ್ ವರೆಗೆ ಇಳುವರಿ’ ಎಂದು ಬೀಜದ ಪೊಟ್ಟಣದ ಮೇಲೆ ಓದಿದವರು ನಾವು. ಬೆಳೆ ಬರದಿದ್ದರೆ ‘ವರೆಗೆ ಅಂತ ತಾನೆ ಹೇಳಿದ್ದು’ ಎಂದು ಕೈ ಝಾಡಿಸುತ್ತಾರೆ.

ಅಳತೆಯ ಮೋಸ ಇನ್ನೊಂದು. ಅವರು ಹೇಳುವುದು ಮೆಗಾಬಿಟ್, ಮೊಬೈಲು ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹೀಗಾಗಿ ಅವರ 100 ನಮ್ಮ ಕೈಗೆ ಬರುವ ಹೊತ್ತಿಗೆ ಹನ್ನೆರಡೂವರೆ. ಇದು ಸುಳ್ಳಲ್ಲ, ಆದರೆ ಸೇರಿನ ಲೆಕ್ಕದಲ್ಲಿ ಹೇಳಿ ಪಲ್ಲದ ಆಸೆ ಹುಟ್ಟಿಸುವ ವ್ಯಾಪಾರ.

ತಂತಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಕಂಪನಿಯ ಕೇಂದ್ರದಿಂದ ಒಂದು ಗಾಜಿನ ಎಳೆ ಬೀದಿಗೆ ಬರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಇಳಿಸುವ ಎಳೆ ಅದು. ಬೀದಿಯ ಪೆಟ್ಟಿಗೆಯಲ್ಲಿ ಅದನ್ನು 32 ಮನೆಗೋ 64 ಮನೆಗೋ ಕವಲೊಡೆಯುತ್ತಾರೆ. 64 ಮನೆಗೂ ನೂರು ನೂರು ಎಂದು ಮಾರಿದರೆ 6,400 ಆಯಿತು. ಇರುವುದು 2,500. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದಿಲ್ಲ ಎಂಬ ಧೈರ್ಯದ ಮೇಲೆ ಈ ಮಾರಾಟ ನಡೆಯುತ್ತದೆ. ಇಷ್ಟಕ್ಕೇ ಅದು ಮೋಸವಲ್ಲ, ನಾವೂ ಒಂದೇ ಕಾಲುವೆಯನ್ನು ಸರದಿಯಲ್ಲಿ ಬಳಸುತ್ತೇವೆ. ಕಾಲುವೆಗೆ ಸರದಿ ಪಟ್ಟಿ ಇದೆ, ತಂತಿಗೆ ಇಲ್ಲ. ರಾತ್ರಿ ಎಂಟು ಗಂಟೆಗೆ ಇಡೀ ಬೀದಿ ಕ್ರಿಕೆಟ್ ನೋಡಲು ಕೂತಾಗ ಕೊನೆ ಭಾಗದ ಗದ್ದೆ ಒಣಗುತ್ತದೆ. ಯಾರನ್ನು ಕೇಳುವುದು? ಇಲ್ಲಿ ನೀರಗಂಟಿ ಇಲ್ಲ.

ಫಲಕದ ಬೆಲೆ, ಜೇಬಿನ ಬೆಲೆ

ಬೆಲೆಗೆ ಬರೋಣ. ಫಲಕದ ಮೇಲೆ ತಿಂಗಳಿಗೆ 499 ಎಂದು ಬರೆದಿದೆ ಎಂದು ಇಟ್ಟುಕೊಳ್ಳಿ. ಶೇಕಡ 18 ಜಿಎಸ್‌ಟಿ ಸೇರಿದರೆ 588 ರೂಪಾಯಿ 82 ಪೈಸೆ. ವರ್ಷಕ್ಕೆ 7,065 ರೂಪಾಯಿ 84 ಪೈಸೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಬೆಲೆ ನಿಮಗೆ ಪೂರ್ತಿ ಸಿಕ್ಕಿತು ಎಂದೇ ನಂಬಿದರೂ, ವರ್ಷದ ನೆಟ್ಟಿಗೆ ಒಂದು ಕ್ವಿಂಟಾಲ್ 45 ಕೆ.ಜಿ. ರಾಗಿ ಅಳೆಯಬೇಕು. ಈ ಲೆಕ್ಕವನ್ನು ಮನೆಯ ಗೋಡೆ ಮೇಲೆ ಬರೆದಿಟ್ಟುಕೊಂಡು ಆಮೇಲೆ ಸಹಿ ಹಾಕಿ.

ಆ ಶೇಕಡ 18ರಲ್ಲೂ ಒಂದು ಸೂಕ್ಷ್ಮ ಇದೆ. ಜಿಎಸ್‌ಟಿ ನಂಬರು ಇರುವ ಅಂಗಡಿ, ಕಂಪನಿ ತಾನು ವ್ಯಾಪಾರಕ್ಕೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸು ಹಿಡಿದುಕೊಳ್ಳುತ್ತದೆ. ರೈತ? ಪಹಣಿ ತೆಗೆಯಲು, ಗೂಡಿನ ಬೆಲೆ ನೋಡಲು, ವಿಮೆ ಕಟ್ಟಲು ನೆಟ್ಟು ಬಳಸಿದರೂ ಒಂದು ಪೈಸೆ ವಾಪಸಿಲ್ಲ. ನಮ್ಮದು ಉದ್ಯೋಗ ಎಂದು ಭಾಷಣದಲ್ಲಿ ಹೇಳುತ್ತಾರೆ, ತೆರಿಗೆಯ ಪುಸ್ತಕದಲ್ಲಿ ಮನರಂಜನೆಗೆ ನೆಟ್ಟು ಹಾಕಿಸಿದವನಿಗೂ ನಮಗೂ ಒಂದೇ ಸಾಲು.

ಮಾರಾಟದ ಹುಡುಗ ಬಿಡಲಿಲ್ಲ. "ಇನ್ನು ಮುನ್ನೂರು ಸೇರಿಸಿ ಅಂಕಲ್, ಟಿ.ವಿ. ಪೆಟ್ಟಿಗೆ, ಹದಿನಾರು ಸಿನಿಮಾ ಆಪ್ ಫ್ರೀ." ನನಗೆ ನಗು ಬಂತು. ಯೂರಿಯಾ ಬೇಕಾದರೆ ಜೊತೆಗೆ ಆ ಪುಡಿ ಡಬ್ಬಿಯನ್ನೂ ತಗೊಳ್ಳಲೇಬೇಕು ಎಂದು ನಮ್ಮ ತಲೆಗೆ ಕಟ್ಟುವ ಅದೇ ಆಟ! ಊರಾದರೇನು, ಪೇಟೆಯಾದರೇನು, ಬೇಡದ್ದನ್ನು ಬೇಕಾದ್ದಕ್ಕೆ ಗಂಟು ಹಾಕಿ ಮಾರುವ ವಿದ್ಯೆ ಒಂದೇ.

ಸಹಿಗೆ ಮೊದಲು ಕೇಳಬೇಕಾದ್ದು

ಊರಿಗೆ ತಂತಿ ಬಂದ ದಿನ ಇದೇ ಹುಡುಗರು ನಿಮ್ಮ ಜಗಲಿಗೂ ಬರುತ್ತಾರೆ. ಆಗ ಕೇಳಿ:

1. ಇದೇ ಕಂಬದಿಂದ ತಂತಿ ತೆಗೆದುಕೊಂಡ ಮನೆ ಯಾವುದು? ಆ ಮನೆಗೆ ರಾತ್ರಿ ಎಂಟರಿಂದ ಹತ್ತರ ಒಳಗೆ ಹೋಗಿ ನೋಡಿ. ಜಾಹೀರಾತಿಗಿಂತ ನೆರೆಯವರ ಮಾತು ನಿಜ.

2. ತೆರಿಗೆ ಸೇರಿ ಕೈಗೆ ಬೀಳುವ ಬೆಲೆ ಎಷ್ಟು? ಮೊದಲ ಮೂರು ತಿಂಗಳ ಬೆಲೆ ಬೇಡ, ನಾಲ್ಕನೇ ತಿಂಗಳ ಬೆಲೆ ಹೇಳು.

3. ಪೆಟ್ಟಿಗೆ ಯಾರದು? ಬಾಡಿಗೆಯೋ, ಠೇವಣಿಯೋ, ಮಾರಾಟವೋ? ಠೇವಣಿಯಾದರೆ ರಸೀದಿ ಎಲ್ಲಿ? ಯಾವಾಗ ವಾಪಸು?

4. ತಿಂಗಳಿಗೆ ಇಷ್ಟು ಎಂಬ ಮಿತಿ ಇದೆಯೇ? ಮಿತಿ ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಇಳಿಸುವ ವೇಗ ಎಷ್ಟು, ಕಳಿಸುವ ವೇಗ ಎಷ್ಟು? ಬೆಳೆಯ ಫೋಟೋ ಕಳಿಸುವವರಿಗೆ ಎರಡನೆಯದು ಮುಖ್ಯ.

5. ತಂತಿ ತುಂಡಾದರೆ ಯಾರು ಬರುತ್ತಾರೆ? ಎಷ್ಟು ದೂರದಿಂದ? ಬೆಂಗಳೂರಿನಲ್ಲಿ ಅಡ್ಡಾದಿಡ್ಡಿ ನೇತಾಡುವ ತಂತಿಯನ್ನು ವಿದ್ಯುತ್ ಕಂಪನಿಯವರು ಆಗಾಗ ಕತ್ತರಿಸುತ್ತಾರೆ. ನಮ್ಮಲ್ಲಿ ಕತ್ತರಿಸಲು ಜೆಸಿಬಿ ಒಂದು ಸಾಕು.

6. ಕರೆಂಟು ಹೋದರೆ? ಗಾಜಿನ ತಂತಿಗೆ ಕರೆಂಟು ಬೇಡ, ಮನೆಯ ಪೆಟ್ಟಿಗೆಗೆ ಬೇಕು. ಚಿಕ್ಕದೊಂದು ಬ್ಯಾಟರಿ ಇಟ್ಟುಕೊಳ್ಳದಿದ್ದರೆ ಲೋಡ್ ಶೆಡ್ಡಿಂಗ್ ಹೊತ್ತಿಗೆ ನೆಟ್ಟೂ ಕತ್ತಲೆ.

ಇನ್ನೆರಡು ಮಾತು. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಮುಂಗಡ ಕೊಟ್ಟವನು ಮಾತು ಕಳಕೊಂಡ ಎಂಬುದು ಮಂಡಿಯಲ್ಲಿ ನಾವು ಕಲಿತ ಪಾಠ. ಮೊದಲು ತಿಂಗಳಿಂದ ತಿಂಗಳಿಗೆ ಕಟ್ಟಿ ನೋಡಿ. ಎರಡನೆಯದು, ಕಂತಿನ ಸಾಲದಲ್ಲಿ ಟಿ.ವಿ., ಮೊಬೈಲು, ನೆಟ್ಟು ಎಲ್ಲ ಸೇರಿಸಿ ತರಬೇಡಿ. ಬೆಳೆಗೆ ಸಾಲ ಮಾಡಿ ಸತ್ತದ್ದು ಸಾಲದೆ ಸಿನಿಮಾಕ್ಕೂ ಸಾಲವೇ?

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಗಳು ಹುಳಿಮಾವಿಗೆ ಬರುವ ಮೊದಲು ಇನ್ನೊಂದು ಬಡಾವಣೆಯಲ್ಲಿದ್ದಳು. ಅಲ್ಲಿ ಆರು ತಿಂಗಳ ಹಣವನ್ನೂ ಪೆಟ್ಟಿಗೆಗೆ ಠೇವಣಿಯನ್ನೂ ಒಟ್ಟಿಗೆ ಕಟ್ಟಿದ್ದಳು. ಮನೆ ಬಿಡುವಾಗ ಪೆಟ್ಟಿಗೆ ಹಿಂದಿರುಗಿಸಿದಳು. ಠೇವಣಿ ಬರಲಿಲ್ಲ. ಫೋನು ಮಾಡಿದರೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಯಂತ್ರ. ಪೆಟ್ಟಿಗೆ ಕೊಟ್ಟದ್ದಕ್ಕೆ ರಸೀದಿ ಪಡೆದಿರಲಿಲ್ಲ. ದುಡ್ಡು ಹೋಯಿತು. ಓದಿದ ಮಗಳಿಗೇ ಹೀಗಾದರೆ ನಮ್ಮ ಗತಿ?

ಆದ್ದರಿಂದ ಕಾನೂನು ಗೊತ್ತಿರಲಿ. ದೂರು ಕೊಟ್ಟ ಕೂಡಲೇ ಕಂಪನಿ ಒಂದು ದೂರು ಸಂಖ್ಯೆ ಕೊಡಬೇಕು. ಇದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮ. ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಸಂಪರ್ಕ ಕಂಪನಿಗಳ ಮೇಲಿನ ದೂರನ್ನು ಗ್ರಾಹಕ ನ್ಯಾಯಾಲಯ ವಿಚಾರಿಸಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಒಂದು ನೋಟ್ ಪುಸ್ತಕ ಇಡಿ. ದಿನಾಂಕ, ಗಂಟೆ, ದೂರು ಸಂಖ್ಯೆ ಬರೆಯಿರಿ. ಬರೆದಿಟ್ಟವನಿಗೆ ಕಂಪನಿಯೂ ಹೆದರುತ್ತದೆ, ಕಚೇರಿಯೂ ಹೆದರುತ್ತದೆ.

ಕೊನೆಗೆ ಪಕ್ಕದ ಮನೆಯವರನ್ನು ವಿಚಾರಿಸಿ, ಸಿನಿಮಾ ಗಂಟು ಬಿಚ್ಚಿಸಿ, ತಿಂಗಳ ಲೆಕ್ಕದಲ್ಲಿ ಒಂದು ಸಂಪರ್ಕ ತೆಗೆದುಕೊಂಡೆವು. ತಂತಿ ಎಳೆಯಲು ಒಬ್ಬ ಹುಡುಗ ಬಂದ. ಏಣಿ ಹತ್ತಿದ, ತಲೆಗೆ ಟೊಪ್ಪಿ ಇಲ್ಲ, ಕೈಗೆ ಗವಸು ಇಲ್ಲ. ಪಕ್ಕದಲ್ಲೇ ಕರೆಂಟಿನ ತಂತಿ. ಇಳಿದ ಮೇಲೆ ನೀರು ಕೊಟ್ಟು "ಯಾವೂರಪ್ಪ?" ಎಂದೆ. "ಮಳವಳ್ಳಿ ಕಡೆ ಅಣ್ಣಾ. ಒಂದೆಕರೆ ಐತೆ. ಬೋರು ಬತ್ತೋಯ್ತು. ಒಂದು ಕನೆಕ್ಷನ್‌ಗೆ ಇಷ್ಟು ಅಂತ ಕೊಡ್ತಾರೆ." "ನಿಮ್ಮೂರಲ್ಲಿ ನೆಟ್ಟು ಐತಾ?" ಎಂದೆ. "ಎಲ್ಲೈತಣ್ಣಾ, ಮರ ಹತ್ತಬೇಕು" ಎಂದ. ಬೆಂಗಳೂರಿನ ಮನೆಮನೆಗೂ ತಂತಿ ಎಳೆಯುವ ರೈತನ ಮಗನ ಮನೆಗೆ ತಂತಿ ಇಲ್ಲ.

ಯಾರ ದುಡ್ಡು, ಯಾರ ತಂತಿ?

ಹಳ್ಳಿಗೆ ತಂತಿ ಕೊಡುವುದು ಕಷ್ಟ, ಖರ್ಚು ಜಾಸ್ತಿ ಎನ್ನುತ್ತಾರೆ. ಇದು ಹಳೆಯ ರಾಗ. ಹಳ್ಳಿಗೆ ಟೆಲಿಫೋನ್ ಆಗದು ಎಂದು ಹೇಳುತ್ತಿದ್ದ ಕಾಲದಲ್ಲಿ, 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಸಿ-ಡಾಟ್, ನಮ್ಮ ಬಿಸಿಲು ಧೂಳಿಗೆ ತಕ್ಕ ಸಣ್ಣ ಗ್ರಾಮೀಣ ಎಕ್ಸ್‌ಚೇಂಜ್ ಕಟ್ಟಿತು. ಅದರ ಮೊದಲನೆಯದು 1986ರಲ್ಲಿ ಚಾಲೂ ಆದದ್ದು ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ, ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಆ ಕಾಲಕ್ಕೆ ಆದದ್ದು ಈ ಕಾಲಕ್ಕೆ ಆಗುವುದಿಲ್ಲವೇ?

ದುಡ್ಡಿಲ್ಲವೇ? ದೂರಸಂಪರ್ಕ ಕಂಪನಿಗಳ ವರಮಾನದಲ್ಲಿ ಶೇಕಡ 5ನ್ನು ಹಳ್ಳಿಗಳಿಗೆ ಸೇವೆ ಮುಟ್ಟಿಸಲೆಂದೇ ಸರ್ಕಾರ ವಸೂಲು ಮಾಡುತ್ತದೆ. ಆ ವರಮಾನ ಎಲ್ಲಿಂದ ಬಂತು? ನೀವು ನಾನು ಮೊಬೈಲಿಗೆ ಹಾಕಿಸಿದ ಕರೆನ್ಸಿಯಿಂದ. ಆ ನಿಧಿಯನ್ನು ನಂಬಿ 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿ, ಸುಮಾರು 20,000 ಕೋಟಿ ರೂಪಾಯಿ, ಎರಡು ವರ್ಷದಲ್ಲಿ ಮುಗಿಸುತ್ತೇವೆ ಎಂಬ ಮಾತು. ಎರಡು ವರ್ಷ ಹೋಯಿತು, ನಾಲ್ಕು ಹೋಯಿತು. 2015ರಲ್ಲಿ ಹೆಸರು ಬದಲಾಗಿ ‘ಭಾರತ್‌ನೆಟ್’ ಆಯಿತು. ಅದನ್ನು ನಡೆಸಲು ಕಟ್ಟಿದ ಕಂಪನಿಯನ್ನು ಬಿಎಸ್ಎನ್ಎಲ್ ಜೊತೆ ಸೇರಿಸಲು 2022ರಲ್ಲಿ ತೀರ್ಮಾನವಾಯಿತು. 2023ರ ಆಗಸ್ಟಿನಲ್ಲಿ ಮತ್ತೆ ತಿದ್ದಿದ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಕಾಗದದ ಮೇಲೆ 2 ಲಕ್ಷಕ್ಕೂ ಮಿಕ್ಕಿದ ಪಂಚಾಯಿತಿಗಳು ‘ಸೇವೆಗೆ ಸಿದ್ಧ’. ನಮ್ಮ ಪೆಟ್ಟಿಗೆಯೂ ಆ ಲೆಕ್ಕದಲ್ಲಿದೆ, ಬೀಗ ಸಮೇತ!

ತಿದ್ದಿದ ಯೋಜನೆಯಲ್ಲಿ ನಮಗೆ ಬೇಕಾದ ಮೂರು ಸಂಗತಿ ಇವೆ. ಒಂದು, ಐದು ವರ್ಷದಲ್ಲಿ ಹಳ್ಳಿಯ ಒಂದೂವರೆ ಕೋಟಿ ಮನೆಗಳಿಗೆ ಸಂಪರ್ಕ. ಎರಡು, ಒಂದು ಕಡೆ ತಂತಿ ತುಂಡಾದರೂ ಇನ್ನೊಂದು ಕಡೆಯಿಂದ ಹರಿಯುವ ಹಾಗೆ ಉಂಗುರದ ಆಕಾರದ ಜಾಲ. ಮೂರು, ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ತಂತಿ, ಆದರೆ ‘ಬೇಡಿಕೆ ಬಂದರೆ’. ಈ ಎರಡು ಪದದ ಕೆಳಗೆ ಗೆರೆ ಎಳೆಯಿರಿ. ನಮ್ಮೂರಿನ ಮುಂದೆ ‘ಬೇಡಿಕೆ ಇಲ್ಲ’ ಎಂದು ಬರೆಸಿದ ಪಾಪಿ ಈ ಲೇಖನ ಬರೆಯುತ್ತಿದ್ದಾನೆ.

ಕೆಲವರು ಹೇಳುತ್ತಾರೆ: ಮೊಬೈಲು ಇದೆಯಲ್ಲ, ತಂತಿ ಯಾಕೆ? 2023ರಿಂದ ಗಾಳಿಯಲ್ಲೇ ಮನೆಗೆ ನೆಟ್ಟು ಕೊಡುವ ಪೆಟ್ಟಿಗೆಗಳೂ ಬಂದಿವೆ. ಟವರ್ ಹತ್ತಿರ ಇರುವ ಊರಿಗೆ ಅದು ಅನುಕೂಲವೇ. ಆದರೆ ಆ ಟವರಿಗೂ ಹಿಂದಿನಿಂದ ಗಾಜಿನ ತಂತಿ ಬಂದರೇ ಬಲ. ಬಾವಿಯೇ ಇಲ್ಲದೆ ಮೋಟರು ಇಟ್ಟು ಏನು ಮಾಡುವುದು? ಲಾಭ ಕಂಡ ಕಡೆ ಐದು ತಂತಿ, ಲಾಭ ಕಾಣದ ಕಡೆ ಒಂದೂ ಇಲ್ಲ ಎಂಬುದು ಕಂಪನಿಯ ಧರ್ಮ. ಅದಕ್ಕೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಲಾಭ ಕಾಣದ ಕಡೆಗೆ ಎಳೆಯಲೆಂದೇ ನಮ್ಮಿಂದ ವಸೂಲು ಮಾಡಿದ ದುಡ್ಡು ಹಿಡಿದುಕೊಂಡ ಸರ್ಕಾರವನ್ನು ಕೇಳಬೇಕು. ಪಕ್ಕದ ಕೇರಳ 2023ರ ಜೂನಿನಲ್ಲಿ ತನ್ನದೇ ಸಾರ್ವಜನಿಕ ಜಾಲ ಚಾಲೂ ಮಾಡಿ, 20 ಲಕ್ಷ ಬಡ ಮನೆಗಳಿಗೆ ಬಿಟ್ಟಿಯಾಗಿ ಕೊಡುವ ಗುರಿ ಇಟ್ಟಿತು. ಗುರಿ ಮುಟ್ಟುವುದು ಆಮೇಲಿನ ಮಾತು. ನಮ್ಮವರಿಗೆ ಅಂಥ ಗುರಿಯಾದರೂ ಬೇಡವೇ?

ಇನ್ನೊಂದು ಮಾತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಕೆವೈಸಿ ಮಾಡಿಸಲಾಗದ ಅಂಧರ ಮತ್ತು ಆಸಿಡ್ ದಾಳಿಗೆ ಒಳಗಾದವರ ಪ್ರಕರಣದಲ್ಲಿ, ಡಿಜಿಟಲ್ ಸೇವೆ ತಲುಪುವುದು ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಬೆರಳಿನ ಗೆರೆ ಸವೆದ ನಮ್ಮ ಬೀದಿಯ ತಾಯಿಯ ಹಕ್ಕೂ ಅದರಲ್ಲಿದೆ.

ಮಾಡಬೇಕಾದ್ದು

ಬರೀ ಬೈದರೆ ಬೀಗ ತೆಗೆಯುವುದಿಲ್ಲ. ಮುಂದಿನ ಗ್ರಾಮ ಸಭೆಯಲ್ಲಿ ಈ ಐದು ಮಾತು ನಡಾವಳಿ ಪುಸ್ತಕದಲ್ಲಿ ಬರೆಸಿ:

1. ನಮ್ಮ ಊರಿಗೆ ಬೇಡಿಕೆ ಇದೆ. ಬೇಕಾದ ಮನೆಗಳ ಪಟ್ಟಿ, ಶಾಲೆ, ಸೊಸೈಟಿ, ಡೇರಿ, ಆರೋಗ್ಯ ಕೇಂದ್ರದ ಹೆಸರು ಸಹಿತ ಬರೆಯಿರಿ. ಪ್ರತಿಯನ್ನು ಬಿಎಸ್ಎನ್ಎಲ್ ಜಿಲ್ಲಾ ಕಚೇರಿಗೂ ಜಿಲ್ಲಾ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

2. ಪಂಚಾಯಿತಿಯ ಪೆಟ್ಟಿಗೆ ಯಾವ ದಿನ ಬಂತು, ಎಷ್ಟು ದಿನ ನಡೆಯಿತು, ಕೆಟ್ಟಾಗ ಯಾರು ಜವಾಬುದಾರರು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹತ್ತು ರೂಪಾಯಿಯ ಅರ್ಜಿ ಎಷ್ಟೋ ಬೀಗ ತೆಗೆದಿದೆ.

3. ಮನೆಗೊಂದು ತಂತಿ ಎಲ್ಲರಿಗೂ ಆಗದು. 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ-ವಾಣಿ ಯೋಜನೆಯಲ್ಲಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ನೋಂದಣಿ ಶುಲ್ಕ ಇಲ್ಲದೆ ವೈಫೈ ಕೊಡಬಹುದು. ನಮ್ಮ ಹಾಲಿನ ಡೇರಿಯೇ ಆ ಕೆಲಸ ಮಾಡಲಿ. ಬೆಳಿಗ್ಗೆ ಸಂಜೆ ಊರೆಲ್ಲ ಕ್ಯಾನು ಹಿಡಿದು ಅಲ್ಲಿಗೆ ಬರುತ್ತದೆ. ಹಾಲು ಅಳೆಯುವ ಹೊತ್ತಿಗೆ ಇ-ಕೆವೈಸಿಯೂ ಆಗಲಿ.

4. ಸರ್ವರ್ ಇಲ್ಲದ ದಿನ ಕಡೆಯ ದಿನಾಂಕಕ್ಕೆ ಸೇರಬಾರದು. ವಿಮೆಯಿರಲಿ, ಪರಿಹಾರವಿರಲಿ, ಎಷ್ಟು ದಿನ ಸರ್ವರ್ ನಿಂತಿತೋ ಅಷ್ಟು ದಿನ ಗಡುವು ಮುಂದೆ ಹೋಗಬೇಕು. ತಂತಿ ಮುಟ್ಟದ ಊರಿನಲ್ಲಿ ಕಾಗದದ ಅರ್ಜಿಯನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕು.

5. ರೈತನ ಸಂಪರ್ಕದ ಮೇಲಿನ ಶೇಕಡ 18 ಜಿಎಸ್‌ಟಿ ತೆಗೆಯಬೇಕು. ಹೊಲದ ಕೆಲಸಕ್ಕೆ ಬಳಸುವುದಕ್ಕೆ ತೆರಿಗೆ ಬೇಡ.

ಕೆರೆಗೆ ನೀರಗಂಟಿ ಇದ್ದ ಕಾಲದಲ್ಲಿ ಕೊನೆಯ ಗದ್ದೆಯವನು ಅಂಜದೆ ಬಿತ್ತುತ್ತಿದ್ದ, ಅವನ ಸರದಿ ತಪ್ಪಿದರೆ ಕೇಳಲು ಊರಿತ್ತು. ಇವತ್ತು ತಂತಿ ಎಂಬ ಕಾಲುವೆಗೆ ನೀರಗಂಟಿ ಇಲ್ಲ. ಹುಳಿಮಾವಿನವರು ಐದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು ಹೇಗೋ ನೀಗುತ್ತಾರೆ. ಬಿಡುವ ಭಾಗ್ಯವೂ ಇಲ್ಲದವರು ನಾವು. ನಮ್ಮ ನೀರಗಂಟಿಯನ್ನು ನಾವೇ ನೇಮಿಸಬೇಕು, ಅವನು ಗ್ರಾಮ ಸಭೆಗೆ ಬಂದು ನಿಂತು ಜವಾಬು ಹೇಳಬೇಕು.

ಬರುವ ಗ್ರಾಮ ಸಭೆಯಲ್ಲಿ ನಾನು ಮತ್ತೆ ಎದ್ದು ನಿಲ್ಲುತ್ತೇನೆ. ಆರು ವರ್ಷದ ಹಿಂದೆ ಆಡಿದ ಮಾತನ್ನು ಅದೇ ಜನರ ಎದುರು ವಾಪಸು ತೆಗೆದುಕೊಳ್ಳುತ್ತೇನೆ. ರಾಗಿಗೆ ಬೆಲೆಯೂ ಬೇಕು, ಊರಿಗೆ ತಂತಿಯೂ ಬೇಕು ಎನ್ನುತ್ತೇನೆ. ಚಪ್ಪಾಳೆ ಬೇಡ. ಆ ತಾಯಿಯ ಬೆರಳಿನ ಕಂತು ಬರಲಿ, ಸಾಕು.

ನಿಮ್ಮ ಪಂಚಾಯಿತಿಯ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ? ನಾಳೆ ಬೆಳಿಗ್ಗೆಯೇ ಹೋಗಿ ಕೇಳಿ.